ಗೇಟಿನ ಗುಲಾಬಿ

ಹೊಸ ವಿದ್ಯಾರ್ಥಿಗಳನ್ನು ಈ ಸಲ ಗೇಟಿನಲ್ಲೇ ಗುಲಾಬಿ ಕೊಟ್ಟು ಬರಮಾಡಿಕೊಳ್ಳಬೇಕು, ಅಧ್ಯಾಪಕರಾಗಲಿ ಆಫೀಸಿನವರಾಗಲಿ ಯಾರೂ ತಪ್ಪಿಸಿಕೊಳ್ಳುವಂತಿಲ್ಲ ಎಂದು ಪ್ರಾಂಶುಪಾಲರು ಅಪ್ಪಣೆ ಕೊಡಿಸಿದ್ದರು.

ಅರ್ಥಶಾಸ್ತ್ರದ ಮೇಷ್ಟ್ರು ಹೂವನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಹಿಡಿದು ನಿಂತಿದ್ದರು.

"ಪಿಯುಸಿ ಅಂತೂ ಇಂತೂ ಪಾಸಾದ ದಂಡಪಿಂಡಗಳು. ಇವರಿಗೆ ನಾವು ಹೂ ಕೊಡೋದಾ? ಪಾದಪೂಜೆ ಒಂದು ಬಾಕಿ."

"ಮೆಲ್ಲಗೆ ಸರ್," ಎಂದರು ಪಕ್ಕದಲ್ಲಿದ್ದ ಗುಮಾಸ್ತರು. "ನಿಮ್ಮ ವಿಭಾಗಕ್ಕೆ ಇನ್ನೂ ಒಂದು ಅಡ್ಮಿಷನ್ನೂ ಆಗಿಲ್ಲ. ಹೀಗೇ ಆದ್ರೆ ವಿಭಾಗ ಮುಚ್ಚಿ ನಿಮ್ಮನ್ನ ಎತ್ತಂಗಡಿ ಮಾಡ್ತಾರಂತೆ."

ಮೇಷ್ಟ್ರು ಹೂವನ್ನು ನೆಟ್ಟಗೆ ಹಿಡಿದುಕೊಂಡರು.

ಬಿಸಿಲೇರಿತು. ಕೊನೆಗೂ ಒಬ್ಬಳು ಹುಡುಗಿ ಗೇಟಿನೊಳಗೆ ಕಾಲಿಟ್ಟಳು. ಮೇಷ್ಟ್ರು ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದರು.

"ಬಾ ತಾಯಿ, ಹೆದರಬೇಡ. ಅರ್ಥಶಾಸ್ತ್ರ ತಗೋ. ನಮ್ಮಲ್ಲಿ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೀತೀವಿ, ಮನೆ ಮಕ್ಕಳ ಹಾಗೆ ನೋಡ್ಕೋತೀವಿ. ನಿನ್ನ ಹೆಸರೇನಮ್ಮ?"

ಹುಡುಗಿ ಗುಲಾಬಿಗೆ ಕೈ ಚಾಚಲಿಲ್ಲ.

"ಹೋದ ವರ್ಷ ಪೂರ್ತಿ ನಿಮ್ಮ ಕ್ಲಾಸಲ್ಲಿ ಮೊದಲನೇ ಬೆಂಚಲ್ಲೇ ಕೂರ್ತಿದ್ದೆ ಸರ್. ಟಿ.ಸಿ. ಇಸ್ಕೊಂಡು ಹೋಗೋಣ ಅಂತ ಬಂದೆ."