ಗುಟ್ಕಾದ ನೆಪ

ಸುಳ್ಳನ್ನು ರೇಣುಕವ್ವ ಜೈನಾಪುರದ ಬಸ್ಸಿನಲ್ಲೇ ಸಿದ್ಧ ಮಾಡಿಕೊಂಡು ಬಂದಿದ್ದಳು. ಹಲ್ಲಿನ ಡಾಕ್ಟರ್ ಬಾಯಿ ತೆರೆಯುವ ಮುಂಚೆಯೇ ಒಪ್ಪಿಸಿಬಿಟ್ಟಳು. "ಗುಟ್ಕಾ ತಿಂದು ಹಲ್ಲು ಹಾಳ ಮಾಡ್ಕೊಂಡಾನ್ರಿ ನನ್ನ ಮಗ."

ಗುಟ್ಕಾ ತಿನ್ನುವವನನ್ನು ಯಾರೂ ಹೊರಗೆ ಹಾಕುವುದಿಲ್ಲ. ಹುಚ್ಚಿಗೆಂದು ತಲೆಯ ಗುಳಿಗೆ ನುಂಗುವವನನ್ನು ಹಾಕುತ್ತಾರೆ. ಹೋದ ವಾರ ಇನ್ನೊಂದು ದವಾಖಾನೆಯಲ್ಲಿ ನಿಜ ಹೇಳಿ ಅನುಭವಿಸಿದ್ದಳು. ಇಂಥವರು ಕೈ ಕಚ್ಚುತ್ತಾರೆ ಎಂದು ಮಗ ಸಂಗುವನ್ನು ಕುರ್ಚಿಯಿಂದಲೇ ಎಬ್ಬಿಸಿ ಕಳಿಸಿದ್ದರು. ಈಗ ಅವನ ದವಡೆ ಊದಿಕೊಂಡು ಗಂಜಿಯೂ ಇಳಿಯುತ್ತಿಲ್ಲ. ಇವತ್ತು ಹಲ್ಲು ಕೀಳಿಸದೆ ಊರಿಗೆ ಹೋಗುವಂತಿರಲಿಲ್ಲ.

ಜಲನಗರದ ಈ ಡಾಕ್ಟರ್ ಸುಶೀಲೇಂದ್ರರೂ ಅವಳಿಗೆ ಸರಿಕಾಣಲಿಲ್ಲ. ಮಾತುಮಾತಿಗೆ ಸ್ಟೀಲ್ ಬಾಟಲಿ ಎತ್ತುತ್ತಿದ್ದರು. ಒಂದು ಗುಟುಕು, ಮುಚ್ಚಳ, ಮತ್ತೆ ಒಂದು ಗುಟುಕು. ತುಟಿಗಳು ಬೇರೆ ಒಣಗಿ ಒಡೆದಿದ್ದವು. ಹಾಡುಹಗಲೇ ಕುಡಿಯುವವನ ಕೈಗೆ ಮಗನ ಬಾಯಿ ಕೊಟ್ಟೆನಲ್ಲ ಎಂದು ಒಳಗೊಳಗೇ ಕುದಿದಳು.

ಡಾಕ್ಟರ್ ದೀಪ ಹಿಡಿದು ನೋಡಿದರು. "ಹಲ್ಲಿನ ಮ್ಯಾಲ ಗುಟ್ಕಾದ ಕಲಿ ಒಂದೂ ಇಲ್ಲಲ್ರಿ. ಬಾಯಿ ಒಣಗಿ ಹೋಗ್ಯದ. ಪೆಪ್ಪರಮಿಂಟ್ ಭಾಳ ಚೀಪ್ತಾರೇನು?"

"ದವಡ್ಯಾಗ ಯಾವಾಗಲೂ ಒಂದು ಇರತೈತ್ರಿ." ಗುಳಿಗೆ ಶುರುವಾದಾಗಿನಿಂದ ಬಾಯಿ ಆರುತ್ತದೆಂದು ಗೋಳಾಡುವ ಮಗನಿಗೆ ಅದನ್ನು ಕೊಡಿಸುತ್ತಿದ್ದವಳು ಅವಳೇ.

"ಗುಳಿಗಿ ಏನರೆ ತಗೋತಾರೇನು? ಗೊತ್ತಾಗದ ನಾ ಸೂಜಿ ಹಾಕೂದಿಲ್ಲ."

"ಏನೂ ಇಲ್ರಿ ಯಪ್ಪಾ."

ಸಂಗು ಅವ್ವನ ಮುಖ ನೋಡಿದ. ಅವಳ ಕೈ ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದಿತ್ತು. ಅದರೊಳಗೆ ಅವನ ಗುಳಿಗೆಗಳ ನೀಲಿ ಅಂಚಿನ ಪಟ್ಟಿ ಇತ್ತು.

ಡಾಕ್ಟರ್ ನರ್ಸಬಾಯಿಯನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿದರು. ಇಲ್ಲಿಯೂ ಮುಗಿಯಿತು ಎಂದುಕೊಂಡ ರೇಣುಕವ್ವ ಮಗನ ರಟ್ಟೆ ಹಿಡಿದು ಎಬ್ಬಿಸಲು ಹೋದಳು.

"ಕೂಡ್ರಿ ತಾಯಿ," ಎಂದರು ಡಾಕ್ಟರ್. "ಇನ್ನ ಪೆಪ್ಪರಮಿಂಟ್ ಬ್ಯಾಡ, ಹಲ್ಲು ತಿಂದಿದ್ದು ಅದರ ಸಕ್ಕರಿ. ನನ್ನಂಗ ಬರೇ ನೀರು ಗುಟುಕರಿಸಲಿ."

ಆಮೇಲೆ ಮೇಜಿನ ಖಾನೆ ಎಳೆದು, ಒಂದು ಗುಳಿಗೆ ಬಿಡಿಸಿ ಬಾಯಿಗೆ ಹಾಕಿಕೊಂಡು, ಬಾಟಲಿ ಎತ್ತಿ ಕುಡಿದರು. ಉಳಿದ ಪಟ್ಟಿಯನ್ನು ಅವಳ ಮುಂದೆ ಸರಿಸಿದರು.

ಅದಕ್ಕೂ ನೀಲಿ ಅಂಚಿತ್ತು.