ಹನ್ನೆರಡನೇ ಸಲದ ಜೋಗ

ಕಸ್ತೂರಮ್ಮ ಗಂಡನ ಕೈಯಿಂದ ಸೌಟು ಕಸಿದುಕೊಂಡಳು. ಅಷ್ಟಕ್ಕೇ ಬಿಡದೆ, ರಟ್ಟೆ ಹಿಡಿದು ಅವನನ್ನು ಒಲೆಯ ಮುಂದಿನ ಕಲ್ಲಿನಿಂದ ಎಬ್ಬಿಸಿಯೇಬಿಟ್ಟಳು.

"ಏಳ್ರಿ ಮೇಲೆ. ಹೋಗಿ ನೋಡ್ಕಂಡು ಬರ್ರಿ."

"ಸಾರು ಇನ್ನೂ ಕುದಿ ಬಂದಿಲ್ಲ ಕಣೇ," ಎಂದ ಕೊಟ್ರಬಸಪ್ಪ.

"ಕುದಿಸಾಕೆ ನನಗೆ ಬರಲ್ಲೇನು? ಇಪ್ಪತ್ತು ವರ್ಷದಿಂದ ಮನೇಲಿ ಏನು ಮಾಡ್ತಾ ಇದೀನಿ?"

"ನಾಲ್ಕು ಜನದ ಸಾರೇ ಬೇರೆ, ನಲವತ್ತು ಜನದ್ದೇ ಬೇರೆ."

"ಆ ನಲವತ್ತು ಜನಾನೂ ಜೋಗ ನೋಡ್ಕಂಡು ಬಂದಾತು. ಉಳಿದೋರು ನೀವೊಬ್ರೇ."

"ಮತ್ತೆ ನೀನು?"

"ನಂದು ಆಮೇಲೆ. ಮೊದಲು ನೀವು."

ಈ ಜಗಳ ಹುಟ್ಟಿ ಇನ್ನೂ ಹತ್ತು ನಿಮಿಷ ಆಗಿರಲಿಲ್ಲ. ಹುಟ್ಟಿಸಿದವರು ಮರುಳಸಿದ್ದಪ್ಪ ಮೇಷ್ಟ್ರು. ಹೊನ್ನಾಳಿಯಿಂದ ಪ್ರತಿ ಶ್ರಾವಣಕ್ಕೂ ಪ್ರವಾಸದ ಬಸ್ಸು ಹೊರಡಿಸುವವರು ಅವರೇ. ಬಸ್ಸಿನ ಟಾಪಿನ ಮೇಲೆ ಹಂಡೆ, ಕೊಪ್ಪರಿಗೆ, ಹಿಂದಿನ ಸೀಟಿನಲ್ಲಿ ಅಡುಗೆಯ ಕೊಟ್ರಬಸಪ್ಪ. ಜಲಪಾತ ನೋಡಿ ಬಂದ ಮೇಷ್ಟ್ರು ಒಲೆಗೆ ಕೈ ಕಾಸಿಕೊಳ್ಳುತ್ತ ನಿಂತಿದ್ದರು. ಕಂಡದ್ದಕ್ಕೆಲ್ಲ ನೂರಕ್ಕೆ ಇಷ್ಟು ಎಂದು ಅಂಕ ಹಾಕುವುದು ಅವರ ಚಟ.

"ಅಗಲಕ್ಕೆ ಅಮೆರಿಕದ ನಯಾಗರ, ಎತ್ತರಕ್ಕೆ ನಮ್ಮ ಜೋಗ. ನಾನು ತೊಂಬತ್ತು ಕೊಟ್ಟೆ. ಕೊಟ್ರಬಸಪ್ಪ, ನೀನು ನನ್ನ ಜೊತೆ ಹಿಮಾಲಯಕ್ಕೂ ಬಂದಿದ್ದೆ, ಕನ್ಯಾಕುಮಾರಿಗೂ ಬಂದಿದ್ದೆ. ನೀನು ಹೇಳಪ್ಪ, ಯಾವುದಕ್ಕೆ ಫಸ್ಟ್ ರ‍್ಯಾಂಕು?"

"ಹಿಮಾಲಯಕ್ಕೇ ಸಾರ್. ಅಲ್ಲಿ ಬೇಳೆ ಬೇಯಲ್ಲ. ಮೂರು ತಾಸು ಉರಿ ಹಾಕಿದ್ರೂ ಹಲ್ಲಿಗೆ ಕಲ್ಲು ಸಿಕ್ಕಂಗೆ ಸಿಗ್ತೈತೆ. ಎರಡನೇದು ಕನ್ಯಾಕುಮಾರಿ. ಸುತ್ತ ಗೋಣಿಚೀಲ ಕಟ್ಟಿದ್ರೂ ಆ ಗಾಳಿ ಒಲೆ ಹತ್ತಾಕೆ ಬಿಡಲ್ಲ. ಜೋಗ ಮೂರನೇದು. ಕಟ್ಟಿಗೆ ಹಸಿ ಅನ್ನೋದು ಬಿಟ್ರೆ ಇಲ್ಲಿ ಅಂಥಾ ತೊಂದ್ರೆ ಏನಿಲ್ಲ."

ಮೇಷ್ಟ್ರು ಬಿದ್ದು ಬಿದ್ದು ನಕ್ಕು ಆ ಕಡೆ ಹೋದರು. ಕಸ್ತೂರಮ್ಮ ನಗಲಿಲ್ಲ. ಇದೇ ಮಾತನ್ನು ಅವಳು ವರ್ಷಗಟ್ಟಲೆ ಕೇಳಿದ್ದಳು. ಪ್ರವಾಸ ಮುಗಿಸಿ ಬಂದವನಿಗೆ ಕಾಲಿಗೆ ನೀರು ಕೊಟ್ಟು "ಹೆಂಗಿತ್ರೀ?" ಎಂದರೆ ಬೇಳೆ, ಗಾಳಿ, ಹಸಿ ಕಟ್ಟಿಗೆ. ಕಂಡದ್ದನ್ನು ಹೇಳಿ ಮೆರೆಯುವ ಗಂಡಸಲ್ಲ ಎಂದುಕೊಂಡು, ಮಾತು ಬಾರದ ಅವನ ಪರವಾಗಿ ಅವಳೇ ಬೀದಿ ನಲ್ಲಿಯ ಮುಂದೆ ಹಿಮದ ಬೆಟ್ಟ ನಿಲ್ಲಿಸಿದ್ದಳು, ಸಮುದ್ರದಿಂದ ಸೂರ್ಯನನ್ನು ಎತ್ತಿದ್ದಳು. ನಮ್ಮನೆಯವರು ನೋಡದ ಜಾಗ ಭೂಮಿ ಮೇಲಿಲ್ಲ ಎಂದು ಕೊಡ ತುಂಬುವ ಹೆಂಗಸರ ಬಾಯಿ ಮುಚ್ಚಿಸಿದ್ದಳು. ಈ ಸಲ ತರಕಾರಿ ಹೆಚ್ಚುವವನು ಜ್ವರ ಬಂದು ಮಲಗಿದ್ದರಿಂದ ತಾನೇ ಬಸ್ಸು ಹತ್ತಿದ್ದಳು.

ಮೇಷ್ಟ್ರು ಹೋದ ಮೇಲೆ, ಹೆಚ್ಚುತ್ತಿದ್ದ ಬದನೆಕಾಯಿ ಕೆಳಗಿಟ್ಟು ಸುತ್ತ ನೋಡಿದಳು. ಒಲೆ ಹೂಡಿದ್ದು ಮರದ ಬುಡದಲ್ಲಿ. ಮುಂದೆ ಬಸ್ಸು, ಹಿಂದೆ ಗುಡ್ಡ. ನೀರಿನ ಸದ್ದು ಎದೆಗೆ ಬಡಿಯುತ್ತಿತ್ತು. ನೀರು ಎಲ್ಲಿಯೂ ಕಾಣುತ್ತಿರಲಿಲ್ಲ.

"ಹೋದ ಸಲ ಎಲ್ಲಿ ಒಲೆ ಹೂಡಿದ್ರಿ?"

"ಇಲ್ಲೇ."

"ಅದರ ಹಿಂದಿನ ಸಲ?"

"ಹನ್ನೊಂದು ಸಲಾನೂ ಇಲ್ಲೇ. ಬಸ್ಸು ಅಡ್ಡ ಐತೆ, ಗಾಳಿ ಬೀಸಲ್ಲ. ಒಳ್ಳೆ ಜಾಗ."

"ಮತ್ತೆ ಕನ್ಯಾಕುಮಾರಿಲಿ ಸೂರ್ಯ ಹುಟ್ಟೋದು?"

"ಅದು ಉಪ್ಪಿಟ್ಟಿನ ಹೊತ್ತಲ್ಲವೇನೇ," ಎಂದ ಅವನು, ಇದೆಂಥ ಪ್ರಶ್ನೆ ಎಂಬಂತೆ.

ಅವಳು ಸೌಟಿಗೆ ಕೈ ಹಾಕಿದ್ದು ಆಗಲೇ.

ಕೊನೆಗೂ ಕೊಟ್ರಬಸಪ್ಪ ಹೊರಟ. ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತ, ತಾಲ್ಲೂಕು ಆಫೀಸಿಗೆ ಯಾರೋ ಕರೆಸಿದವರ ಹಾಗೆ ಅಳುಕುತ್ತ ಹೊರಟ. ಎರಡು ಸಲ ತಿರುಗಿ ನಿಂತು "ಉರಿ ಸಣ್ಣ ಮಾಡು", "ಹುಣಸೆಹುಳಿ ಕಡೇಲಿ ಹಾಕು" ಎಂದು ಕೂಗಿದ. ಆಮೇಲೆ ಬಸ್ಸಿನ ಮರೆಗೆ ಹೋದ.

ಸಾರು ಕುದಿಯಿತು. ಅನ್ನ ಬಸಿದದ್ದಾಯಿತು. ನಲವತ್ತು ಎಲೆ ಬಿದ್ದು, ನಲವತ್ತು ಜನ ಎರಡು ಸಾಲಾಗಿ ಕೂತರು. ಕೊಟ್ರಬಸಪ್ಪ ಬರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ದಿನವೂ ಅವನು ಖಾಲಿ ಎಲೆಯ ಮುಂದೆ ಯಾರನ್ನೂ ಕಾಯಿಸಿದವನಲ್ಲ.

"ಎಲ್ಲಿ ಹೋದನಮ್ಮ ನಿನ್ನ ಗಂಡ?" ಮೇಷ್ಟ್ರು ಗಡಿಯಾರ ತೋರಿಸಿದರು. "ಎರಡಕ್ಕೆ ಬಸ್ಸು ಬಿಡಬೇಕು. ನಾವು ಬರೋವಾಗ್ಲೇ ಮಂಜು ಏಳ್ತಾ ಇತ್ತು. ಈಗ ಅಲ್ಲೇನೈತೆ ನೋಡಾಕೆ?"

ಕಸ್ತೂರಮ್ಮ ಸೆರಗು ಸಿಗಿಸಿಕೊಂಡು ಓಡಿದಳು. ಕಣಿವೆಯ ಅಂಚಿನ ಕಬ್ಬಿಣದ ಕಂಬಿ ಸಿಕ್ಕಿತು. ಕಂಬಿಯಿಂದಾಚೆಗೆ ಲೋಕ ಇರಲಿಲ್ಲ. ಅರಳೆ ತುಂಬಿದ ಕೋಣೆಯ ಬಾಗಿಲು ತೆಗೆದ ಹಾಗೆ ಬರೀ ಬಿಳುಪು. ನೋಡಲು ಬಂದವರೆಲ್ಲ ಹೋಗಿದ್ದರು. ಕೊಟ್ರಬಸಪ್ಪ ಒಬ್ಬನೇ ಎರಡೂ ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದ. ತಲೆಗೂದಲಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನಾದ್ರೂ ಕಾಣ್ತೈತೇನ್ರೀ?"

"ಇಲ್ಲ."

"ಬಂದಾಗ?"

"ಆಗ್ಲೂ ಇಲ್ಲ."

ಹನ್ನೊಂದು ಸಲ ಹತ್ತು ಮಾರು ದೂರದಲ್ಲಿ ಸುರಿದು ಹೋದದ್ದು, ಇವನು ಬಂದು ನಿಂತ ದಿನ ಮುಸುಕು ಹಾಕಿಕೊಂಡಿತ್ತು. ತಾನು ಎಬ್ಬಿಸಿ ಕಳಿಸದಿದ್ದರೆ ಅವನಿಗೆ ಈ ನಿರಾಸೆಯೂ ಇರುತ್ತಿರಲಿಲ್ಲ. ಒದ್ದೆಯಾದ ಅವನ ತೋಳು ಮುಟ್ಟಿದಳು.

"ಬರ್ರಿ, ಎಲೆ ಹಾಕಿ ಕುಂತಾರೆ. ಬರೋ ವರ್ಷ ನೋಡಿದ್ರಾತು. ನಾನೂ ಬರ್ತೀನಿ, ಒಲೆ ನಾನೇ ನೋಡ್ಕಂತೀನಿ. ಬಂದ ತಕ್ಷಣ ಮೊದಲು ನಿಮ್ಮನ್ನೇ ಕಳಿಸ್ತೀನಿ, ಆಣೆಗೂ."

ಹಿಂದೆ ಬಸ್ಸಿನ ಹಾರ್ನ್ ಬಡಿದುಕೊಂಡಿತು. ಒಮ್ಮೆ, ಮತ್ತೊಮ್ಮೆ. ಕೊಟ್ರಬಸಪ್ಪ ಆ ಬಿಳುಪಿನಿಂದ ಕಣ್ಣು ಕೀಳದೆ ತುಸು ಪಕ್ಕಕ್ಕೆ ಸರಿದು, ಕಂಬಿಯ ಮೇಲೆ ಅವಳಿಗೂ ಜಾಗ ಮಾಡಿದ.

"ಕಾಣೋ ತನಕ ಬರಲ್ಲ," ಎಂದ.