ಹೇಮಾಳ ಕ್ಲಾಸಿನ ‘ಅವ್ರು’

ಮಗಳು ಬಚ್ಚಲಿಗೆ ಹೋಗಿ ಚಿಲಕ ಹಾಕಿದ್ದೇ ತಡ, ರೇಣುಕಾದೇವಿ ಅವಳ ಕಾಲೇಜು ಬ್ಯಾಗಿಗೆ ಕೈ ಹಾಕಿದಳು.

ಎರಡು ನೋಟ್‌ಬುಕ್ಕು ಸಿಕ್ಕವು. ಒಂದು ಹೇಮಾಳದು. ಆ ಇರುವೆ ಸಾಲಿನಂಥ ಅಕ್ಷರ ತಾಯಿಗೆ ಗುರುತು. ಇನ್ನೊಂದರಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರವೂ ಬದನೆಕಾಯಿ ಗಾತ್ರ. ಗಂಡಸಿನ ಕೈಬರಹ, ಅನುಮಾನವೇ ಇಲ್ಲ. ಮೇಲೆ ಅಂಟಿಸಿದ ಚೀಟಿಯಲ್ಲಿ ಹೆಸರಿತ್ತು. ಅದೂ ಇಂಗ್ಲಿಷಿನಲ್ಲಿ. ರೇಣುಕಾದೇವಿಗೆ ಬರುತ್ತಿದ್ದುದು ಕನ್ನಡ ಮಾತ್ರ.

ಹೇಮಾ ಇಟಗಿಯಿಂದ ಕೊಪ್ಪಳದ ಡಿಗ್ರಿ ಕಾಲೇಜಿಗೆ ಹೋಗತೊಡಗಿ ಎರಡು ತಿಂಗಳಾಗಿತ್ತು. ಮೊದಲ ವಾರ ಎಲ್ಲ ನೆಟ್ಟಗಿತ್ತು. ಹೊಸ ಚಪ್ಪಲಿ, ಬಸ್ ಪಾಸು, ಯಾವ ಸರ್ ಹೇಗೆ ಕೆಮ್ಮುತ್ತಾರೆ ಎಂಬ ವರದಿ. ಎರಡನೆಯ ವಾರದಿಂದ ಡಬ್ಬಿಗೆ ಮೂರು ರೊಟ್ಟಿ ಸಾಲದಾದವು. ಆರು ಬೇಕು. “ಓದಿದ್ರ ಹಸಿವು ಭಾಳ ಆಗತೈತಿ ಯವ್ವಾ” ಎಂದಳು. ಆರು ರೊಟ್ಟಿ ಹೋದರೂ ಹುಡುಗಿ ಮಾತ್ರ ಕಡ್ಡಿಯಂತೆಯೇ ಇದ್ದಳು.

ಆಮೇಲೆ ಫೋನು. ನಿನ್ನೆ ಹಿತ್ತಲಲ್ಲಿ ನಿಂತು ಗೆಳತಿ ದೀಪಿಕಾಳ ಜೊತೆ ಆಡಿದ ಮಾತನ್ನು ರೇಣುಕಾದೇವಿ ಕಿವಿಯಾರೆ ಕೇಳಿದ್ದಳು.

“ಇವತ್ತೂ ಅವ್ರು ಹಿಂದಿನ ಬೆಂಚಿನ್ಯಾಗ ನಿದ್ದಿ ಹೊಡದ್ರು ನೋಡಲೇ. ನಾ ನೋಟ್ಸ್ ತಿದ್ದಿ ಕೊಡಲಿಲ್ಲಂದ್ರ ಅವ್ರ ಗತಿ ಏನು? ನಮ್ಮವ್ವಗ ಗೊತ್ತಾದ್ರಂತೂ, ಇದು ಇಂಥಾದ್ದು ಮಾಡೂ ವಯಸ್ಸೇನು ಅಂತ ಇಬ್ಬರನ್ನೂ ಹರದು ಹಾಕತಾಳ.”

ಎಲ್ಲಕ್ಕಿಂತ ಹೆಚ್ಚಾಗಿ ಆ ‘ಅವ್ರು’ ಎದೆಗೆ ನಾಟಿತು. ಒಂದೇ ಕ್ಲಾಸಿನ ಹುಡುಗನಿಗೆ ಯಾವ ಹುಡುಗಿ ‘ಅವ್ರು’ ಅಂತಾಳೆ? ‘ಅವ’ ಅಂತಾಳೆ, ಸಿಟ್ಟು ಬಂದರೆ ಇನ್ನೂ ಏನೇನೋ ಅಂತಾಳೆ. ‘ಅವ್ರು’ ಅನ್ನುವುದು ಕಟ್ಟಿಕೊಂಡವರಿಗೆ. ಇಪ್ಪತ್ತೊಂದು ವರ್ಷದಿಂದ ರೇಣುಕಾದೇವಿ ಆ ಮಾತನ್ನು ಒಬ್ಬರಿಗೇ ಮೀಸಲಿಟ್ಟು ಬಂದಿದ್ದಳು.

ನೋಟ್‌ಬುಕ್ಕನ್ನು ಸೆರಗಿನಡಿ ಇಟ್ಟುಕೊಂಡು ಪಕ್ಕದ ಮನೆಗೆ ನಡೆದಳು. ಹೊಲಿಗೆ ಮಷಿನ್ನಿನ ಮುಂದೆ ಕೂತಿದ್ದ ಮುಮ್ತಾಜಬೇಗಂ ಕನ್ನಡಕ ಏರಿಸಿ, ಅಕ್ಷರ ಕೂಡಿಸಿ ಕೂಡಿಸಿ, ಹೆಸರು ಓದಿ ಹೇಳಿದಳು.

ರೇಣುಕಾದೇವಿ ಬಾಯಿಗೆ ಸೆರಗು ಒತ್ತಿಕೊಂಡಳು. “ಅಯ್ಯ ಶಿವನ! ನನ್ನ ಮಗಳಿಗೆ ಇದs ಹೆಸರಿನವ ಸಿಗಬೇಕಿತ್ತಾ?”

“ಹೆಸರೇನ ಮಾಡತೈತಿ ಬಿಡ್ರಿ ಅಕ್ಕಾ. ಈ ಸೀಮ್ಯಾಗ ಓಣಿಗೆ ನಾಕು ಮಂದಿ ಅದಾರ.”

ಸಂಜೆ ಯಜಮಾನರು ಬಂದರು. ಪಹಣಿಯಲ್ಲಿ ತಮ್ಮ ಹೆಸರಿನ ಒಂದು ಸೊನ್ನೆ ಬಿಟ್ಟುಹೋಗಿದೆ ಎಂದು ಅವರೂ ಎರಡು ತಿಂಗಳಿಂದ ದಿನಾ, ಮಗಳ ಹಿಂದಿನ ಬಸ್ಸಿಗೆ, ಕೊಪ್ಪಳದ ಕಚೇರಿಗೆ ಎಡತಾಕುತ್ತಿದ್ದರು. ಒಂದು ಸೊನ್ನೆಗೆ ಎರಡು ತಿಂಗಳೇ ಎಂದು ಊರಲ್ಲಿ ಯಾರೂ ಕೇಳಿರಲಿಲ್ಲ. ಹೊಲವನ್ನು ಅವರ ತಮ್ಮ ನೋಡಿಕೊಳ್ಳುತ್ತಿದ್ದ. ಊಟಕ್ಕೆ ಕೂತಾಗ ರೇಣುಕಾದೇವಿ ಎಲ್ಲ ಬಿಚ್ಚಿಟ್ಟಳು.

ಯಜಮಾನರ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. “ಹುಡುಗನ ಹೆಸರೇನಂತ?”

“ಅದು ನನ್ನ ಬಾಯಾಗ ಬರೂ ಹೆಸರಲ್ಲ. ಕೇಳಬ್ಯಾಡ್ರಿ.”

“ಓದೂ ಹುಚ್ಚಿಗೆ ಬಂದಿರತಾನ, ಪಾಪ. ಛಲೋ ಮನಿತನದವನೂ ಇರಬಹುದು.”

“ಛಲೋ ಮನಿತನ! ಇಂಥವನ್ನ ಹಡದ ಆ ಅವ್ವ ಅಪ್ಪಗ ಹೇಳಬೇಕು.”

“ಹಡದವರ ಸುದ್ದಿಗೆ ಹೋಗಬ್ಯಾಡ ಮತ್ತ!” ಯಜಮಾನರು ಎಂದೂ ಇಲ್ಲದ ದನಿ ತೆಗೆದರು. ಆಮೇಲೆ ನೀರು ಕುಡಿದು, ಏನೋ ಹೇಳಲು ಬಾಯಿ ತೆರೆದರು.

“ಅವನ ಪರ ಇನ್ನೊಂದು ಮಾತಾಡಿದ್ರ ನಾ ಕೇಳಾಕಿ ಅಲ್ಲ. ಅವ ಖರೇ ಅದಾನಂದ್ರ ಹೇಮಾನ ಕಾಲೇಜು ಬಂದ್. ಗಂಗಾವತಿ ಅಣ್ಣಗ ಫೋನ್ ಹಚ್ಚತೀನಿ. ತಿರುಮಲೇಶನ ಜೋಡಿ ಈ ದೀಪಾವಳಿಗೇ ಲಗ್ನ.”

ಅಣ್ಣನ ಮಗ ತಿರುಮಲೇಶ ಅಕ್ಕಿ ಮಿಲ್ಲಿನಲ್ಲಿದ್ದ. ಅಣ್ಣ ಎರಡು ವರ್ಷದಿಂದ ಈ ಫೋನಿಗೇ ಕಾಯುತ್ತಿದ್ದ. ಬಾಗಿಲ ಮರೆಯಲ್ಲಿ ನಿಂತಿದ್ದ ಹೇಮಾ ಬಿಕ್ಕಿದಳು. ಯಜಮಾನರು ಬಾಯಿ ಮುಚ್ಚಿ ತುತ್ತು ನುಂಗಿದರು.

ಮರುದಿನ ಎರಡೂ ಬಸ್ಸು ಹೋಗುವವರೆಗೆ ಕಾದು, ಮೂರನೆಯ ಬಸ್ಸು ಹತ್ತಿ ರೇಣುಕಾದೇವಿ ಕೊಪ್ಪಳದಲ್ಲಿ ಇಳಿದಳು. ಕಾಲೇಜಿನ ಗೇಟಿನಲ್ಲಿ ಸಿಪಾಯಿ ಗೋವಿಂದರಾಜ ತಡೆದ.

“ಯಾರು ಬೇಕ್ರಿ ಯವ್ವಾ?”

“ಒಬ್ಬ ಹುಡುಗ. ಬಿ.ಎ. ಮೊದಲ್ನೇ ವರ್ಷ.”

“ಹೆಸರು?”

ರೇಣುಕಾದೇವಿ ಬೇವಿನ ಮರ ನೋಡಿದಳು, ಸೈಕಲ್ ಸ್ಟ್ಯಾಂಡ್ ನೋಡಿದಳು. “ಹೆಸರು ಬ್ಯಾಡ್ರಿ. ಕ್ಲಾಸ್ ತೋರಸ್ರಿ ಸಾಕು.”

“ಹೆಸರಿಲ್ಲದ ಹುಡುಗನ್ನ ಹುಡುಕಾಕ ಬಂದವ್ರನ್ನ ಇವತ್ತs ನೋಡಿದ್ನಿ” ಎಂದು ಗೊಣಗುತ್ತ ಅವನು ಮುಂದೆ ನಡೆದ.

ಕ್ಲಾಸಿನಲ್ಲಿ ಸಿದ್ದಲಿಂಗೇಶ ಸರ್ ಹಾಜರಿ ಕೂಗುತ್ತಿದ್ದರು. ಇನ್ನೂ ಎಳೆಯ ಮೇಷ್ಟ್ರು. ಎರಡನೆಯ ಬೆಂಚಿನ ಹೇಮಾ ಬಾಗಿಲಲ್ಲಿ ನಿಂತ ತಾಯಿಯನ್ನು ಕಂಡು ಡೆಸ್ಕಿನ ಕೆಳಗೆ ಬಗ್ಗಿದಳು.

“ಆಂಜನೇಯ!”

ಅದೇ ಹೆಸರು. ರೇಣುಕಾದೇವಿ ಬಗ್ಗಿ ಬಲಗಾಲಿನ ಚಪ್ಪಲಿ ಕೈಗೆ ತೆಗೆದುಕೊಂಡಳು. ಯಾವ ತಲೆ ಏಳುತ್ತದೋ ಎಂದು ಬೆಂಚಿನಿಂದ ಬೆಂಚಿಗೆ ಕಣ್ಣು ಓಡಿಸಿದಳು.

“ದಿನಾ ನನ್ನ ಪಿರಿಯಡ್‌ನ್ಯಾಗ ನಿದ್ದಿ ಮಾಡತೀರಿ” ಎಂದರು ಸರ್, ತಲೆ ಎತ್ತದೆ. “ಮನಿಯವ್ರನ್ನ ಕರಕೊಂಡ ಬರ್ರಿ ಅಂತ ಮೊನ್ನೆ ಹೇಳಿದ್ನಿ. ಬಂದಾರೇನ್ರಿ?”

ಕೊನೆಯ ಬೆಂಚಿನಿಂದ, ನರೆತ ಮೀಸೆಯ ಮೇಲೊಮ್ಮೆ ಕೈಯಾಡಿಸಿಕೊಂಡು, ಹೇಮಾಳ ಅಪ್ಪ ಎದ್ದು ನಿಂತರು: “ಬಂದಾರ್ರಿ ಸರ. ಬಾಗಿಲದಾಗ ಚಪ್ಪಲಿ ಹಿಡಕೊಂಡು ನಿಂತಾರ.”